ಹೊಳೆ ತುಂಬಿದಾಗ ಗಡ್ಡಿಗೆ ದಾರಿ ಯಾವುದು?

ಯಾದಗಿರಿ: ದ್ವೀಪ ಎಂದೊಡನೆ ಸಮುದ್ರ, ಹಡಗು, ತೆಂಗಿನ ತೋಪುಗಳು ಕಣ್ಮುಂದೆ ಬರುವುದು ಸಹಜ. ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವ, ಬಿಸಿಲಿಗೂ ಬರಕ್ಕೂ ಹೆಸರಾದ ಯಾದಗಿರಿ ಜಿಲ್ಲೆಯಲ್ಲಿ ದ್ವೀಪವಾಸಿಗಳಿದ್ದಾರೆ ಎಂಬುದನ್ನು ಹೊರಗಿನವರು ನಂಬುವುದು ಕಷ್ಟ. ಆದರೆ ಸುರಪುರ ಸೀಮೆಯ ಕಕ್ಕೇರಾ ಸಮೀಪ ಕೃಷ್ಣಾ ನದಿ ಎರಡಾಗಿ ಕವಲೊಡೆದು ಮತ್ತೆ ಒಂದಾಗುವ ಜಾಗದಲ್ಲಿ ನೀಲಕಂಠರಾಯನಗಡ್ಡಿ ಇದೆ. ಈ ಭಾಗದ ಜನ ನದಿ ನಡುವಿನ ನೆಲವನ್ನು ಗಡ್ಡಿ ಎಂದೇ ಕರೆಯುತ್ತಾರೆ. ಬೇಸಿಗೆಯಲ್ಲಿ ಬಂಡೆಗಳ ಮೇಲೆ ಕಾಲಿಟ್ಟು ದಾಟಬಹುದಾದ ಹೊಳೆ, ಮಳೆಗಾಲದಲ್ಲಿ ನಾರಾಯಣಪುರ ಜಲಾಶಯದ ಗೇಟುಗಳು ತೆರೆದುಕೊಂಡ ಕೂಡಲೇ ಗಡ್ಡಿಯನ್ನು ಲೋಕದಿಂದ ಬೇರ್ಪಡಿಸಿಬಿಡುತ್ತದೆ.

ಈ ಹೆಸರು ದೇಶದ ಗಮನಕ್ಕೆ ಬಂದದ್ದು 2014ರ ಮಳೆಗಾಲದಲ್ಲಿ. ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಮತ್ತು ಸಹೋದರರ ಆಸರೆಯಲ್ಲಿ ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಾಟಿದರು. ಗಡ್ಡಿಯಲ್ಲಿ ಆಸ್ಪತ್ರೆ ಇರಲಿಲ್ಲ. ಹರಿಗೋಲು ಇಳಿಸಲು ಹೊಳೆ ಬಿಡುತ್ತಿರಲಿಲ್ಲ. ಹೆರಿಗೆಯ ದಿನ ಸಮೀಪಿಸಿತ್ತು. ಹೊಟ್ಟೆಯಲ್ಲಿರುವ ಕೂಸು ಉಳಿಯಬೇಕಾದರೆ ಆಸ್ಪತ್ರೆಯಿರುವ ದಡ ಸೇರಲೇಬೇಕು ಎಂಬ ಒಂದೇ ನಿಶ್ಚಯ ಆ ತಾಯಿಯನ್ನು ನೀರಿಗಿಳಿಸಿತು. ಸುದ್ದಿ ಕನ್ನಡ ಪತ್ರಿಕೆಗಳನ್ನು ದಾಟಿ ವಿದೇಶಿ ಮಾಧ್ಯಮಗಳನ್ನೂ ತಲುಪಿತು. ಎಲ್ಲರೂ ಆ ತಾಯಿಯ ಧೈರ್ಯವನ್ನು ಕೊಂಡಾಡಿದರು. ಆದರೆ ಅದು ಧೈರ್ಯದ ಕಥೆಯಾಗಿರುವಷ್ಟೇ ಆಡಳಿತದ ವೈಫಲ್ಯದ ಕಥೆಯೂ ಆಗಿತ್ತು. ಸುರಕ್ಷಿತ ಹೆರಿಗೆಗಾಗಿ ಒಬ್ಬ ಪ್ರಜೆ ಪ್ರವಾಹದಲ್ಲಿ ಈಜಬೇಕಾಗಿ ಬಂದದ್ದು ಯಾವ ಸರ್ಕಾರಕ್ಕೂ ಹೆಮ್ಮೆ ತರುವ ಸಂಗತಿಯಲ್ಲ.

ಆ ಘಟನೆಯ ನಂತರ ಭರವಸೆಗಳು ಬಂದವು, ಮುಂದಿನ ವರ್ಷಗಳಲ್ಲಿ ಗಡ್ಡಿಗೆ ಸೇತುವೆಯೂ ಬಂದಿತು. ಹಾಗಿದ್ದರೆ ಸಮಸ್ಯೆ ಮುಗಿಯಿತೇ? ಕೃಷ್ಣೆಯ ಸ್ವಭಾವ ಬಲ್ಲವರು ಹೌದು ಎನ್ನಲು ಹಿಂಜರಿಯುತ್ತಾರೆ. ಸೇತುವೆ ಎಷ್ಟು ನೀರಿನವರೆಗೆ ಸೇತುವೆಯಾಗಿ ಉಳಿಯುತ್ತದೆ, ಅದಕ್ಕೂ ಮೀರಿದ ನೀರು ಬಂದ ದಿನ ಏನು ಗತಿ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಯಾವ ಗಡ್ಡಿಯೂ ದಡದ ಊರಾಗುವುದಿಲ್ಲ.

ಮಳೆಯಿಲ್ಲದ ಊರಿಗೆ ಬರುವ ಪ್ರವಾಹ

ಸುರಪುರ, ಶಹಾಪುರ, ಯಾದಗಿರಿ ತಾಲೂಕುಗಳಲ್ಲಿ ಕೃಷ್ಣಾ ಪ್ರವಾಹದ ಒಂದು ವಿಚಿತ್ರವೆಂದರೆ, ಹೊಳೆ ತುಂಬಿ ಬರುವ ದಿನ ಇಲ್ಲಿ ಹನಿ ಮಳೆಯೂ ಇಲ್ಲದಿರಬಹುದು. ಮಳೆ ಬೀಳುವುದು ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ, ಮಹಾಬಳೇಶ್ವರ ಮತ್ತು ಕೊಯ್ನಾ ಸೀಮೆಯಲ್ಲಿ. ಆ ನೀರು ಸಾಂಗ್ಲಿ, ಬೆಳಗಾವಿ, ಬಾಗಲಕೋಟೆ ದಾಟಿ ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರಕ್ಕೆ ಇಳಿದು, ಕೊನೆಗೆ ಗಡ್ಡಿಯ ಜನರ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ತಲೆಯ ಮೇಲೆ ಬಿಸಿಲು, ಕಾಲ ಕೆಳಗೆ ಪ್ರವಾಹ.

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದರ ಭಾಗವಾಗಿ 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆ ಸುರಪುರ ಮತ್ತು ಶಹಾಪುರದ ಒಣಭೂಮಿಗೆ ನೀರು ತಂದಿತು. ಭತ್ತ ಮತ್ತು ಹತ್ತಿ ಬೆಳೆದು ಎಷ್ಟೋ ಕುಟುಂಬಗಳು ಬದುಕು ಕಟ್ಟಿಕೊಂಡವು. ಅದೇ ಜಲಾಶಯದ ಕೆಳಗಿನ ನದಿ ಪಾತ್ರದಲ್ಲಿರುವ ಗಡ್ಡಿಯ ಜನರಿಗೆ ಮಾತ್ರ ಪ್ರತಿ ವರ್ಷದ ಲೆಕ್ಕಾಚಾರ ಬೇರೆ: ಎಷ್ಟು ಗೇಟು ತೆರೆದಿದ್ದಾರೆ, ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ, ಇನ್ನೆಷ್ಟು ದಿನ.

ಈ ಲೆಕ್ಕವನ್ನು ತುಸು ವಿವರವಾಗಿ ನೋಡಿದರೆ ಸಮಸ್ಯೆಯ ಸ್ವರೂಪ ಅರ್ಥವಾಗುತ್ತದೆ. ಒಂದು ಲಕ್ಷ ಕ್ಯುಸೆಕ್ ನೀರು ಇಡೀ ದಿನ ಹರಿದರೆ ಅದು 8.64 ಟಿಎಂಸಿ ಅಡಿ ಆಗುತ್ತದೆ. ನಾರಾಯಣಪುರ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ. ಅಂದರೆ ನಾಲ್ಕು ಲಕ್ಷ ಕ್ಯುಸೆಕ್ ಒಳಹರಿವು ಇದ್ದರೆ ಸಂಪೂರ್ಣ ಬರಿದಾದ ಜಲಾಶಯ ಕೂಡ ಒಂದೇ ದಿನದಲ್ಲಿ ತುಂಬಿಬಿಡುತ್ತದೆ. 123 ಟಿಎಂಸಿಯ ಆಲಮಟ್ಟಿಯೇ ಇಂಥ ಹರಿವನ್ನು ನಾಲ್ಕು ದಿನ ತಡೆಯಲಾರದು. ಆದ್ದರಿಂದ ಮಹಾಪೂರದ ಕಾಲದಲ್ಲಿ ನಾರಾಯಣಪುರ ನೀರನ್ನು ಹಿಡಿದಿಡುವ ಕಣಜವಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸುವ ಬಾಗಿಲು ಮಾತ್ರ. ನೀರು ಬಿಡಬೇಡಿ ಎಂಬ ಬೇಡಿಕೆಗೆ ಅಂಥ ದಿನಗಳಲ್ಲಿ ಅರ್ಥವಿಲ್ಲ. ಬಿಡದಿದ್ದರೆ ಅಣೆಕಟ್ಟೆಗೇ ಅಪಾಯ.

ಆದರೆ ಇದೇ ಲೆಕ್ಕ ಮತ್ತೊಂದು ಸತ್ಯವನ್ನೂ ಹೇಳುತ್ತದೆ. ಘಟ್ಟದಲ್ಲಿ ಬಿದ್ದ ಮಳೆ ಇಲ್ಲಿಗೆ ತಲುಪಲು ದಿನಗಳೇ ಬೇಕು. ಆಲಮಟ್ಟಿ ಮತ್ತು ನಾರಾಯಣಪುರಕ್ಕೆ ಬರಲಿರುವ ಒಳಹರಿವಿನ ಮುನ್ಸೂಚನೆಯನ್ನು ಕೇಂದ್ರ ಜಲ ಆಯೋಗ ನೀಡುತ್ತದೆ. ಹೀಗಾಗಿ ಕೃಷ್ಣಾ ಪ್ರವಾಹ ಕಳ್ಳನಂತೆ ಬರುವುದಲ್ಲ, ಹೇಳಿ ಕಳಿಸಿಯೇ ಬರುತ್ತದೆ. ಗಡ್ಡಿಯ ಜನ ಪ್ರತಿ ಸಲವೂ ಸಿಕ್ಕಿಬೀಳುತ್ತಾರೆಂದರೆ ಕೊರತೆಯಿರುವುದು ಮಾಹಿತಿಯಲ್ಲಿ ಅಲ್ಲ, ಆ ಮಾಹಿತಿ ಬಂದ ಮೇಲೆ ಮಾಡಬೇಕಾದ ಕೆಲಸದಲ್ಲಿ.

ಅಂಬಿಗನೂ ಹರಿಗೋಲೂ

ಕೃಷ್ಣೆಯ ಗಡ್ಡಿಗಳಿಗೆ ತಲತಲಾಂತರದಿಂದ ಇದ್ದ ವಾಹನ ಹರಿಗೋಲು. ಬಿದಿರಿನ ಹೆಣಿಗೆಯ ದುಂಡನೆಯ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಡಾಂಬರು ಬಳಿದ ತಾಡಪತ್ರಿ ಅಥವಾ ಪ್ಲಾಸ್ಟಿಕ್ ಹಾಳೆ ಬಂದಿದೆ. ಬಂಡೆಗಳೇ ತುಂಬಿರುವ, ಆಳ ಒಂದೇ ಸಮನಿಲ್ಲದ ಕೃಷ್ಣೆಗೆ ಈ ದೋಣಿ ಹೇಳಿ ಮಾಡಿಸಿದ್ದು. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿದ್ದರೂ ತೇಲುತ್ತದೆ, ಒಬ್ಬನೇ ತಲೆಯ ಮೇಲೆ ಹೊತ್ತು ಒಯ್ಯಬಹುದು. ಆದರೆ ಅದೇ ರಚನೆ ಪ್ರವಾಹದಲ್ಲಿ ಅದರ ಶತ್ರು. ಸೆಳವಿಗೆ ಸಿಕ್ಕ ಹರಿಗೋಲು ಬುಗುರಿಯಂತೆ ತಿರುಗುತ್ತದೆ. ಹುಟ್ಟು ಹಾಕುವ ಅಂಬಿಗನಿಗೆ ದಿಕ್ಕು ಹಿಡಿಯುವುದೇ ಕಷ್ಟವಾಗುತ್ತದೆ. ನೀರೊಳಗಿನ ಬಂಡೆಗೆ ಬಡಿದರೆ ಮಗುಚುವುದು ಕ್ಷಣದ ಕೆಲಸ.

2020ರ ಆಗಸ್ಟ್‌ನಲ್ಲಿ ಇದು ಘೋರವಾಗಿ ಸಾಬೀತಾಯಿತು. ಯಾದಗಿರಿಯ ಕೆಳಭಾಗದಲ್ಲಿ, ರಾಯಚೂರು ತಾಲೂಕಿನ ಕುರ್ವಕುರ್ದ ನಡುಗಡ್ಡೆಯ ಜನ ತೆಲಂಗಾಣದ ದಡದಿಂದ ಮರಳುತ್ತಿದ್ದಾಗ ಹರಿಗೋಲು ಮಗುಚಿತು. ಕೆಲವರನ್ನು ರಕ್ಷಿಸಲಾಯಿತು, ಕೆಲವರು ನೀರುಪಾಲಾದರು. ಸಂತೆ, ಸರಕು, ನೆಂಟರ ಮನೆ ಎಂಬ ನಿತ್ಯದ ಬದುಕಿನ ಸಣ್ಣ ಕಾರಣಗಳಿಗಾಗಿ ಹೊಳೆ ದಾಟುವವರು ಪ್ರಾಣವನ್ನೇ ಪಣಕ್ಕಿಡಬೇಕಾದ ಸ್ಥಿತಿ ಅದು. ಕುರ್ವಕುರ್ದದ ಜನರಿಗೂ ನೀಲಕಂಠರಾಯನಗಡ್ಡಿಯ ಜನರಿಗೂ ನಡುವೆ ಜಿಲ್ಲೆಯ ಗಡಿ ಬೇರೆಯೇ ಹೊರತು ಹೊಳೆ ಒಂದೇ, ಪಾಡೂ ಒಂದೇ. ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ ಮತ್ತು ಮ್ಯಾದರಗಡ್ಡಿಗಳದ್ದೂ ಇದೇ ವ್ಯಥೆ.

ಪ್ರವಾಹ ಬಂದಾಗ ಜಿಲ್ಲಾಡಳಿತಗಳು ಹರಿಗೋಲು ಸಂಚಾರವನ್ನು ನಿಷೇಧಿಸುತ್ತವೆ. ಪ್ರಾಣರಕ್ಷಣೆಯ ದೃಷ್ಟಿಯಿಂದ ಈ ನಿಷೇಧ ಸರಿಯಾದುದೇ. ಆದರೆ ಬೇರೊಂದು ಸಾಧನ ಕೊಡದೆ ಇರುವ ಒಂದೇ ಸಾಧನವನ್ನು ನಿಷೇಧಿಸುವುದು, ಮನೆಗೆ ಬೆಂಕಿ ಬಿದ್ದಾಗ ಹೊರಗಿನಿಂದ ಅಗುಳಿ ಹಾಕಿದಂತೆ. ಹಸಿವು, ಹೆರಿಗೆ, ಹಾವು ಕಡಿತಗಳು ನಿಷೇಧಾಜ್ಞೆಗೆ ಕಾಯುವುದಿಲ್ಲ. ಆಗ ಜನ ಕದ್ದು ದಾಟುತ್ತಾರೆ. ಕದ್ದು ದಾಟುವವರು ಜೀವರಕ್ಷಕ ಜಾಕೆಟ್ ತೊಡುವುದಿಲ್ಲ, ಯಾರಿಗೂ ತಿಳಿಸಿ ಹೋಗುವುದಿಲ್ಲ. ಹೀಗೆ ಅಪಾಯ ತಪ್ಪಿಸಲು ಹೊರಟ ಆದೇಶವೇ ಅಪಾಯವನ್ನು ಹೆಚ್ಚಿಸುತ್ತದೆ. ಇದಕ್ಕೆ ಮೊಸಳೆಗಳ ಭಯವೂ ಸೇರಿಕೊಳ್ಳುತ್ತದೆ. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿವೆ ಎಂಬುದು ದಡದ ಮಕ್ಕಳಿಗೂ ತಿಳಿದ ವಿಷಯ.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲದಿಲ್ಲ. 1917ರ ಹಳೆಯ ಕಾಯ್ದೆಯ ಜಾಗದಲ್ಲಿ 2021ರಲ್ಲಿ ಸಂಸತ್ತು ಹೊಸ ಒಳನಾಡು ಹಡಗು ಕಾಯ್ದೆಯನ್ನು ಅಂಗೀಕರಿಸಿತು. ಯಂತ್ರವಿಲ್ಲದ ದೋಣಿಗಳ ನೋಂದಣಿ ಮತ್ತು ಸುರಕ್ಷತೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ಅದರಲ್ಲಿ ಅವಕಾಶವಿದೆ. ಹರಿಗೋಲುಗಳನ್ನು ಎಣಿಸಿ, ಎಷ್ಟು ಜನ ಹತ್ತಬಹುದೆಂದು ನಿಗದಿಪಡಿಸಿ, ನದಿಯ ಸುಳಿ ಸೆಳವುಗಳನ್ನು ಬಲ್ಲ ಅಂಬಿಗರನ್ನೇ ತರಬೇತುಗೊಳಿಸಿ ಮಳೆಗಾಲದ ನಾಲ್ಕು ತಿಂಗಳಿಗೆ ಗೌರವಧನ ಕೊಟ್ಟು ನೇಮಿಸಿಕೊಂಡರೆ ಖರ್ಚು ದೊಡ್ಡದೇನಲ್ಲ. ದೂರದ ಊರಿನಿಂದ ಬರುವ ರಕ್ಷಣಾ ತಂಡದ ಬಳಿ ಯಂತ್ರದ ದೋಣಿ ಇರುತ್ತದೆ, ಆದರೆ ಯಾವ ಬಂಡೆ ಯಾವ ಮಟ್ಟದ ನೀರಿನಲ್ಲಿ ಅಡಗಿರುತ್ತದೆ ಎಂಬ ಅರಿವು ಇರುವುದಿಲ್ಲ. ಸ್ಥಳೀಯ ಅಂಬಿಗನಿಗೆ ಅರಿವಿದೆ, ಯಂತ್ರದ ದೋಣಿ ಇಲ್ಲ. ಈ ಎರಡನ್ನೂ ಒಂದುಗೂಡಿಸುವ ಕೆಲಸ ಪ್ರವಾಹಕ್ಕೆ ಮುಂಚೆಯೇ ಆಗಬೇಕು.

ಆಕಾಶದ ದಾರಿ

ಹೊಳೆಯ ದಾರಿ ಮುಚ್ಚಿದಾಗ ಉಳಿಯುವುದು ಆಕಾಶ. 2009ರ ಸೆಪ್ಟೆಂಬರ್ ಅಂತ್ಯ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಪ್ರವಾಹದ ಸಂದರ್ಭದಲ್ಲಿ ವಾಯುಪಡೆಯ ಹೆಲಿಕಾಪ್ಟರ್‌ಗಳು ರಕ್ಷಣಾ ಕಾರ್ಯಕ್ಕೆ ಇಳಿದಿದ್ದವು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಗಂಗಾವತಿ ತಾಲೂಕಿನ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಲುಕಿದಾಗಲೂ ದೋಣಿಗಳ ಜೊತೆಗೆ ಹೆಲಿಕಾಪ್ಟರ್‌ಗಳೇ ನೆರವಿಗೆ ಬಂದವು. ಅಂದು ರಕ್ಷಣೆಗೆ ಹೋದ ದೋಣಿಯೇ ಮಗುಚಿ, ಅದರಲ್ಲಿದ್ದ ರಕ್ಷಣಾ ಸಿಬ್ಬಂದಿಯನ್ನು ಹೆಲಿಕಾಪ್ಟರ್‌ನಿಂದ ಕಾಪಾಡಬೇಕಾಯಿತು. ತರಬೇತಾದ ಯೋಧರಿಗೂ ಯಂತ್ರದ ದೋಣಿಗೂ ಬಗ್ಗದಂಥ ಪ್ರವಾಹದಲ್ಲಿ ಐದು ವರ್ಷ ಮುಂಚೆ ತುಂಬು ಗರ್ಭಿಣಿಯೊಬ್ಬರು ಸೋರೆಬುರುಡೆಯ ಬಲದಿಂದ ಕೃಷ್ಣೆಯನ್ನು ದಾಟಿದ್ದರು ಎಂಬುದನ್ನು ನೆನೆದರೆ ಎದೆ ನಡುಗುತ್ತದೆ.

ಈ ಹೋಲಿಕೆಯಿಂದ ಪ್ರವಾಸಿಗರಿಗೆ ಹೆಲಿಕಾಪ್ಟರ್, ಬಡವರಿಗೆ ಸೋರೆಬುರುಡೆ ಎಂದು ಸುಲಭವಾಗಿ ತೀರ್ಮಾನಿಸಿಬಿಡಬಹುದು. ಆದರೆ ವಾಸ್ತವ ಅಷ್ಟು ಸರಳವಲ್ಲ. ನೂರಾರು ಜನ ಒಮ್ಮೆಲೇ ಸಿಲುಕಿದಾಗ ಅದು ವಿಕೋಪವೆಂದು ಕೂಡಲೇ ಗುರುತಾಗುತ್ತದೆ, ಇಡೀ ಆಡಳಿತ ಯಂತ್ರ ಎಚ್ಚೆತ್ತುಕೊಳ್ಳುತ್ತದೆ. ಒಬ್ಬ ಗರ್ಭಿಣಿಯ ಹೆರಿಗೆ ನೋವು, ಒಂದು ಮಗುವಿನ ಜ್ವರ ವಿಕೋಪದ ಪಟ್ಟಿಗೆ ಸೇರುವುದಿಲ್ಲ. ಅದಕ್ಕಾಗಿ ಹೆಲಿಕಾಪ್ಟರ್ ಕೋರುವ ಕಾಗದ ಜಿಲ್ಲೆಯಿಂದ ರಾಜಧಾನಿಗೆ, ಅಲ್ಲಿಂದ ರಕ್ಷಣಾ ಇಲಾಖೆಗೆ ಹೋಗಿ, ಹವಾಮಾನ ಅನುಕೂಲವಾಗಿದ್ದು, ಇಳಿಯಲು ಸಮತಟ್ಟಾದ ಜಾಗವಿದ್ದು, ದೂರದ ನೆಲೆಯಿಂದ ಹೆಲಿಕಾಪ್ಟರ್ ಬರುವಷ್ಟರಲ್ಲಿ ಕೂಸು ಹುಟ್ಟಿರುತ್ತದೆ ಇಲ್ಲವೇ ಸತ್ತಿರುತ್ತದೆ. 2019ರ ನವೆಂಬರ್‌ನಲ್ಲಿ ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಆ ಭಾಗದ ಬಹುದಿನಗಳ ಕನಸು ನನಸಾಯಿತು. ಆದರೆ ವಿಮಾನ ನಿಲ್ದಾಣದ ದಾರಿಯೂ ಗಡ್ಡಿಯ ಹೊಳೆ ದಾಟಿದ ಮೇಲೆಯೇ ಶುರುವಾಗುತ್ತದೆ.

ಆದ್ದರಿಂದ ಹೆಲಿಕಾಪ್ಟರ್ ಕೊನೆಯ ಉಪಾಯವೇ ಹೊರತು ನಿತ್ಯದ ದಾರಿಯಾಗಲಾರದು. ಆಕಾಶದಿಂದ ಬೇರೊಂದು ಬಗೆಯ ನೆರವು ಮಾತ್ರ ಈಗ ಸಾಧ್ಯವಿದೆ. 2021ರ ಸೆಪ್ಟೆಂಬರ್‌ನಲ್ಲಿ ನೆರೆಯ ತೆಲಂಗಾಣದ ವಿಕಾರಾಬಾದ್‌ನಲ್ಲಿ ಡ್ರೋನ್ ಮೂಲಕ ಔಷಧ ಮತ್ತು ಲಸಿಕೆ ಸಾಗಿಸುವ ಪ್ರಯೋಗ ಆರಂಭವಾಯಿತು. ನದಿಯ ಒಂದು ಕವಲನ್ನು ಹಾರಿ ದಾಟುವುದು ಡ್ರೋನಿಗೆ ನಿಮಿಷಗಳ ಕೆಲಸ. ಮನುಷ್ಯನನ್ನು ಅದು ಹೊರಲಾರದು, ಆದರೆ ಹಾವಿನ ವಿಷಕ್ಕೆ ಮದ್ದು, ಜ್ವರದ ಔಷಧ, ಕೂಸಿಗೆ ಲಸಿಕೆಯನ್ನು ಹೊರಬಲ್ಲದು. ಆದರೆ ಮದ್ದು ಬಂದಿಳಿದರೆ ಸಾಲದು, ಅದನ್ನು ಕೊಡಬಲ್ಲವರೊಬ್ಬರು ಗಡ್ಡಿಯ ಮೇಲೆ ಇರಬೇಕು. ಹೀಗಾಗಿ ಮಳೆಗಾಲದ ಗಂಡಾಂತರದ ವಾರಗಳಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಗಡ್ಡಿಯಲ್ಲೇ ಉಳಿಯುವ ವ್ಯವಸ್ಥೆ ಇಲ್ಲದೆ ಯಾವ ಯಂತ್ರವೂ ಫಲ ಕೊಡದು.

ಸೇತುವೆ ಎಂದರೆ ಎಷ್ಟು ಎತ್ತರ?

ಜನರ ಮೊದಲ ಬೇಡಿಕೆ ಎಂದಿಗೂ ಸೇತುವೆಯೇ. ಅದು ನ್ಯಾಯವಾದುದೂ ಹೌದು. ಆದರೆ ಯಾದಗಿರಿ ಜಿಲ್ಲೆಯ ಅನುಭವ ಸೇತುವೆಯ ಬಗ್ಗೆ ಒಂದು ಪಾಠ ಕಲಿಸಿದೆ. ಶಹಾಪುರ ಕಡೆಯ ಕೊಳ್ಳೂರಿನ ಬಳಿ ಕೃಷ್ಣೆಯ ಮೇಲೆ ದೇವದುರ್ಗದ ದಾರಿಯ ಸೇತುವೆ ಇದೆ. ಆಚೆ ದಡದವರಿಗೆ ಅದು ಹೂವಿನಹೆಡಗಿ ಸೇತುವೆ. ನಾರಾಯಣಪುರದಿಂದ ಲಕ್ಷಗಟ್ಟಲೆ ಕ್ಯುಸೆಕ್ ಹೊರಹರಿವು ಇದ್ದ ವರ್ಷಗಳಲ್ಲಿ ಈ ಸೇತುವೆಯೇ ಮುಳುಗಿದೆ. ಆಗ ವಾಹನಗಳು ತಿಂಥಣಿ ಸೇತುವೆಯ ಮೂಲಕ ಸುತ್ತಿ ಬಳಸಿ ಸಾಗಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಹೊರಹರಿವು ಆರು ಲಕ್ಷ ಕ್ಯುಸೆಕ್‌ಗಳ ಆಸುಪಾಸಿಗೆ ಏರಿದಾಗ ನದಿತೀರದ ಬದುಕೇ ಅಸ್ತವ್ಯಸ್ತಗೊಂಡಿತ್ತು. ಎರಡು ಜಿಲ್ಲೆಗಳನ್ನು ಬೆಸೆಯುವ ಹೆದ್ದಾರಿಯ ಸೇತುವೆಯೇ ಮುಳುಗುವುದಾದರೆ ಪುಟ್ಟ ಗಡ್ಡಿಗೆ ಕಟ್ಟಿದ ಸೇತುವೆಯ ಮೇಲೆ ಎಷ್ಟು ಭರವಸೆ ಇಡಬಹುದು?

ಕೊಳ್ಳೂರು ಸೇತುವೆ ಮುಳುಗಿದರೂ ಶಹಾಪುರದವರಿಗೆ ಸುತ್ತು ದಾರಿಯಿದೆ. ಮೂವತ್ತು ನಲವತ್ತು ಕಿಲೋಮೀಟರ್ ಹೆಚ್ಚು ಹೋಗಿಯಾದರೂ ಊರು ಸೇರಬಹುದು. ಗಡ್ಡಿಗೆ ಸುತ್ತು ದಾರಿ ಎಂಬುದೇ ಇಲ್ಲ. ಆದ್ದರಿಂದ ಗಡ್ಡಿಯ ಸೇತುವೆಗೆ ಬೇಕಾದ ಎತ್ತರವನ್ನು ಅದರ ಮೇಲೆ ಓಡಾಡುವ ವಾಹನಗಳ ಸಂಖ್ಯೆಯಿಂದ ಅಳೆಯಬಾರದು, ಅದು ಮುಳುಗಿದರೆ ಸಿಲುಕುವ ಜೀವಗಳಿಂದ ಅಳೆಯಬೇಕು. ಕೆಲವೇ ಕುಟುಂಬಗಳಿಗೆ ಇಷ್ಟು ಕೋಟಿಯೇ ಎಂದು ಕೇಳುವವರಿದ್ದಾರೆ. ಲಕ್ಷಾಂತರ ಎಕರೆಗೆ ನೀರುಣಿಸುವ ಯೋಜನೆಯ ಲಾಭದ ಲೆಕ್ಕದಲ್ಲಿ, ಆ ಯೋಜನೆಯ ಗೇಟು ತೆರೆದಾಗಲೆಲ್ಲ ಬೇಲಿಯೊಳಗಾಗುವ ಕುಟುಂಬಗಳ ಖರ್ಚನ್ನೂ ಸೇರಿಸಬೇಕಲ್ಲವೇ ಎಂಬುದು ಅದಕ್ಕೆ ತಕ್ಕ ಉತ್ತರ.

ಈ ವಾದ ಹೊಸದಲ್ಲ, ಕರ್ನಾಟಕದಲ್ಲೇ ಇದಕ್ಕೆ ಪೂರ್ವನಿದರ್ಶನವಿದೆ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಸಾಗರ ತಾಲೂಕಿನ ತುಮರಿ ಭಾಗದ ಹಳ್ಳಿಗಳು ಹಿನ್ನೀರಿನ ಆಚೆ ಉಳಿದವು. ನಾಡಿಗೆ ವಿದ್ಯುತ್ ಕೊಡಲು ನೆಲ ಕಳೆದುಕೊಂಡ ಜನ ದಶಕಗಳ ಕಾಲ ಲಾಂಚಿಗಾಗಿ ದಡದಲ್ಲಿ ಕಾದರು. ಸಂಜೆ ಲಾಂಚ್ ನಿಂತ ಮೇಲೆ ರೋಗಿಯನ್ನು ಸಾಗಿಸಲು ಬಹುದೂರ ಸುತ್ತಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಉದ್ದದ ತೂಗುಸೇತುವೆ ಉದ್ಘಾಟನೆಯಾಗುವ ಹೊತ್ತಿಗೆ ಆರು ದಶಕಗಳು ಉರುಳಿದ್ದವು. ಒಡಿಶಾದ ಮಲ್ಕನ್‌ಗಿರಿಯಲ್ಲಿ ಬಲಿಮೇಲಾ ಜಲಾಶಯದಿಂದಾಗಿ ಸಂಪರ್ಕ ಕಳೆದುಕೊಂಡಿದ್ದ ಹಳ್ಳಿಗಳಿಗೆ ಗುರುಪ್ರಿಯಾ ಸೇತುವೆ ಬಂದದ್ದು 2018ರ ಜುಲೈನಲ್ಲಿ. ಜಲಾಶಯ ಕಟ್ಟಲು ತೋರಿದ ಆತುರವನ್ನು ಅದರಿಂದ ದಾರಿ ಕಳೆದುಕೊಂಡವರಿಗೆ ದಾರಿ ಕಟ್ಟಿಕೊಡಲು ಯಾವ ಸರ್ಕಾರವೂ ತೋರಿಲ್ಲ ಎಂಬುದಕ್ಕೆ ಈ ಎರಡೂ ಸಾಕ್ಷಿ. ಸಿಗಂದೂರಿಗೆ ದೇವಿಯ ಭಕ್ತರ ಬಲವಿತ್ತು, ಪ್ರವಾಸಿಗರ ದಂಡಿತ್ತು. ಗಡ್ಡಿಯ ಜನರಿಗೆ ಅವೆರಡೂ ಇಲ್ಲ. ಅವರಿಗಿರುವುದು ಕೆಲವೇ ಮತಗಳು.

ಬಿಟ್ಟು ಬರಲಿ ಎನ್ನುವುದು ಸುಲಭ

ಪ್ರತಿ ಪ್ರವಾಹದ ನಂತರ ಕೇಳಿಬರುವ ಇನ್ನೊಂದು ಸಲಹೆ ಸ್ಥಳಾಂತರ. ದಡದಲ್ಲಿ ನಿವೇಶನ ಕೊಟ್ಟರೂ ಜನ ಗಡ್ಡಿ ಬಿಟ್ಟು ಬರುವುದಿಲ್ಲ ಎಂಬ ದೂರು ಅಧಿಕಾರಿಗಳಿಂದ ಆಗಾಗ ಕೇಳುತ್ತದೆ. ಹಟಮಾರಿ ಜನ ಎಂಬ ಧ್ವನಿ ಅದರಲ್ಲಿರುತ್ತದೆ. ಆದರೆ ನಿವೇಶನ ಎಂದರೆ ಮಲಗುವ ಜಾಗ ಮಾತ್ರ. ಹೊಲ, ದನ, ಕುರಿ, ಮೇವು, ಊರ ದೇವರು, ಹಿರಿಯರ ಸಮಾಧಿ ಎಲ್ಲವೂ ಗಡ್ಡಿಯಲ್ಲಿದ್ದು, ಮನೆ ಮಾತ್ರ ದಡದಲ್ಲಿದ್ದರೆ ಪ್ರತಿ ದಿನ ಹೊಳೆ ದಾಟಿಯೇ ಹೊಲಕ್ಕೆ ಹೋಗಬೇಕು. ಆಗ ವರ್ಷಕ್ಕೆ ಕೆಲವು ಸಲ ಎದುರಾಗುತ್ತಿದ್ದ ಗಂಡಾಂತರ ದಿನಕ್ಕೆ ಎರಡು ಸಲ ಎದುರಾಗುತ್ತದೆ. ಪ್ರವಾಹ ಬಂದಾಗ ಮನುಷ್ಯರನ್ನು ದೋಣಿಯಲ್ಲಿ ತರಬಹುದು, ದನಕರುಗಳನ್ನು ಯಾರು ತರುತ್ತಾರೆ? ಅವುಗಳನ್ನು ಬಿಟ್ಟು ಬರಲು ಮನಸ್ಸಾಗದೆ ಮನೆಗೊಬ್ಬರಾದರೂ ಹಿಂದೆ ಉಳಿಯುವುದು ಹಟದಿಂದಲ್ಲ, ಬದುಕಿನ ಲೆಕ್ಕಾಚಾರದಿಂದ.

ಆಲಮಟ್ಟಿ ಮತ್ತು ನಾರಾಯಣಪುರದ ಹಿನ್ನೀರಿನಲ್ಲಿ ನೆಲ ಕಳೆದುಕೊಂಡವರಿಗೆ ಸಂತ್ರಸ್ತರೆಂಬ ಹೆಸರು ದಕ್ಕಿತು, ಪರಿಹಾರದ ಬಗ್ಗೆ ಹೋರಾಡಲು ಒಂದು ನೆಲೆ ಸಿಕ್ಕಿತು. ಅಣೆಕಟ್ಟೆಯ ಕೆಳಗೆ, ಬಿಟ್ಟ ನೀರಿನಿಂದ ದಾರಿ ಕಳೆದುಕೊಳ್ಳುವವರಿಗೆ ಆ ಹೆಸರೂ ಇಲ್ಲ. ಅವರ ನೆಲ ಶಾಶ್ವತವಾಗಿ ಮುಳುಗುವುದಿಲ್ಲ, ವರ್ಷಕ್ಕೆ ಕೆಲವು ದಿನ, ಕೆಲವು ವಾರ ಮಾತ್ರ ದೂರವಾಗುತ್ತದೆ. ಪುನರ್ವಸತಿಯ ನಿಯಮಗಳು ಮುಳುಗಿದ ಎಕರೆಗಳನ್ನು ಅಳೆಯುತ್ತವೆ, ಕಡಿದುಹೋದ ದಿನಗಳನ್ನಲ್ಲ. ಸ್ಥಳಾಂತರವೇ ಉತ್ತರ ಎನ್ನುವುದಾದರೆ ನೆಲಕ್ಕೆ ನೆಲ, ನೀರಾವರಿಗೆ ನೀರಾವರಿ ಕೊಟ್ಟು ಕೇಳಬೇಕು. ಅಲ್ಲಿಯವರೆಗೆ ಗಡ್ಡಿಯಲ್ಲಿ ಇರುವುದು ಅವರ ಹಕ್ಕು, ಅವರಿಗೆ ದಾರಿ ಕೊಡುವುದು ಸರ್ಕಾರದ ಹೊಣೆ.

ಜೂನ್ ತಿಂಗಳಲ್ಲಿ ಆಗಬೇಕಾದ ಕೆಲಸ

ಸೇತುವೆ ಎತ್ತರಿಸುವುದು ವರ್ಷಗಳ ಕೆಲಸ. ಆದರೆ ಮುಂದಿನ ಪ್ರವಾಹದಲ್ಲಿ ಯಾರೂ ಸೋರೆಬುರುಡೆ ಕಟ್ಟಿಕೊಳ್ಳದಂತೆ ಮಾಡಲು ವರ್ಷಗಳು ಬೇಕಿಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ಹೆರಿಗೆ ದಿನ ಬರುವ ಗರ್ಭಿಣಿಯರು ಯಾರು ಎಂಬುದು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮೇ ತಿಂಗಳಲ್ಲೇ ಬರೆದಿರುತ್ತದೆ. ಕೃಷ್ಣೆ ಯಾವ ತಿಂಗಳಲ್ಲಿ ತುಂಬುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಈ ಎರಡು ಮಾಹಿತಿಗಳನ್ನು ಒಂದೇ ಮೇಜಿನ ಮೇಲೆ ಇಡುವವರು ಬೇಕು, ಅಷ್ಟೇ.

ಒಡಿಶಾ ಸರ್ಕಾರ ದುರ್ಗಮ ಪ್ರದೇಶದ ಗರ್ಭಿಣಿಯರಿಗಾಗಿ ಮಾ ಗೃಹ ಎಂಬ ಮನೆಗಳನ್ನು ನಡೆಸುತ್ತದೆ. ಹೆರಿಗೆಗೆ ಕೆಲವು ದಿನ ಮುಂಚೆಯೇ ತಾಯಂದಿರು ಆಸ್ಪತ್ರೆಯ ಬಳಿಯ ಆ ಮನೆಗೆ ಬಂದು ಉಳಿಯುತ್ತಾರೆ. ಅಸ್ಸಾಂನಲ್ಲಿ ಬ್ರಹ್ಮಪುತ್ರಾ ನದಿಯ ನಡುಗಡ್ಡೆಗಳಿಗೆ 2005ರಿಂದ ದೋಣಿ ಆಸ್ಪತ್ರೆಗಳು ಸಂಚರಿಸುತ್ತಿವೆ. ರೋಗಿ ದಡಕ್ಕೆ ಬರಲಾರದಿದ್ದರೆ ವೈದ್ಯನೇ ನಡುಗಡ್ಡೆಗೆ ಹೋಗುತ್ತಾನೆ. ಕಕ್ಕೇರಾದಲ್ಲಿ ನಾಲ್ಕು ಮಂಚದ ಒಂದು ಮನೆ, ಊಟದ ವ್ಯವಸ್ಥೆ, ಜೊತೆಗೆ ಬರುವ ಹೆಣ್ಣುಮಗಳಿಗೆ ಕಳೆದುಕೊಂಡ ದಿನಗೂಲಿ ಕೊಟ್ಟರೆ ಗಡ್ಡಿಯ ತಾಯಂದಿರು ಯಾಕೆ ಬರುವುದಿಲ್ಲ? 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ಕರೆದಲ್ಲಿಗೆ ಬರುತ್ತದೆ ಎಂಬುದು ನಿಜ, ಆದರೆ ಗಾಲಿಯ ಮೇಲೆ ಬರುವ ಆಂಬುಲೆನ್ಸ್ ನೀರಿನ ಅಂಚಿನಲ್ಲಿ ನಿಲ್ಲುತ್ತದೆ. ನೀರಿನ ಆಚೆಯಿಂದ ಈಚೆಗೆ ತರುವ ಕೊಂಡಿಯನ್ನು ಜಿಲ್ಲೆಯೇ ಕಟ್ಟಬೇಕು.

ಹಣದ ಕೊರತೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟಿದೆ, ಅದರ ಫಲವಾಗಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ, ಪ್ರತಿ ವರ್ಷ ಅನುದಾನ ಬರುತ್ತದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯೇ ಜಿಲ್ಲಾ ವಿಪತ್ತು ಪ್ರಾಧಿಕಾರದ ಅಧ್ಯಕ್ಷರು, ಜಿಲ್ಲೆಗೊಂದು ಯೋಜನೆ ಸಿದ್ಧವಿರುವುದು ಕಡ್ಡಾಯ. 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದಾಗ ಹೇಳಿದ ಮುಖ್ಯ ಕಾರಣವೇ ಆಡಳಿತ ಜನರ ಬಾಗಿಲಿಗೆ ಹತ್ತಿರವಾಗಲಿ ಎಂಬುದು. ಆಡಳಿತ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಅಳೆಯಲು ಗಡ್ಡಿಗಿಂತ ಒಳ್ಳೆಯ ಅಳತೆಗೋಲು ಬೇರಿಲ್ಲ.

ಬೇಕಾಗಿರುವುದು ಒಂದು ಪುಟ್ಟ ಪಟ್ಟಿ. ಯಾವ ಮಟ್ಟದ ಹೊರಹರಿವಿಗೆ ಯಾವ ಗಡ್ಡಿಯ ದಾರಿ ಕಡಿಯುತ್ತದೆ ಎಂಬುದನ್ನು ಅಳೆದು ಊರಿನ ಗೋಡೆಯ ಮೇಲೆ ಬರೆಯಬೇಕು. ನಾರಾಯಣಪುರದ ಗೇಟು ಎತ್ತುವ ಮುಂಚೆ ಡಂಗುರ ಮತ್ತು ಮೊಬೈಲ್ ಸಂದೇಶ ಎರಡೂ ತಲುಪಬೇಕು. ಯಂತ್ರದ ದೋಣಿ ಮತ್ತು ತರಬೇತಾದ ಅಂಬಿಗರು ಜೂನ್ ತಿಂಗಳಿನಿಂದಲೇ ದಡದಲ್ಲಿ ಸಿದ್ಧವಿರಬೇಕು. ಎರಡು ತಿಂಗಳ ಪಡಿತರ ಮುಂಗಡವಾಗಿ ಗಡ್ಡಿ ಸೇರಬೇಕು. ಹೆಲಿಕಾಪ್ಟರ್ ಇಳಿಯುವಷ್ಟು ಎತ್ತರದ ಸಮತಟ್ಟು ಜಾಗವನ್ನು ಮೊದಲೇ ಗುರುತಿಸಿಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ಅಡಿಗಲ್ಲು ಸಮಾರಂಭವೂ ಬೇಕಿಲ್ಲ. ಬಹುಶಃ ಸಮಾರಂಭವಿಲ್ಲ ಎಂಬ ಕಾರಣಕ್ಕೇ ಇವು ಆಗುತ್ತಿಲ್ಲವೇನೋ.

2014ರಲ್ಲಿ ಹೊಳೆ ಈಜಿ ಬಂದ ತಾಯಿ ಬಹುಮಾನಕ್ಕಾಗಿ ಈಜಲಿಲ್ಲ, ಸುದ್ದಿಯಾಗಲೆಂದೂ ಈಜಲಿಲ್ಲ. ಬೇರೆ ದಾರಿ ಇರಲಿಲ್ಲ, ಈಜಿದರು. ಅಂಥ ಧೈರ್ಯವನ್ನು ಹೊಗಳುವುದಕ್ಕಿಂತ ಅಂಥ ಧೈರ್ಯ ಬೇಕಾಗದಂತೆ ಮಾಡುವುದೇ ಆಡಳಿತದ ಕೆಲಸ. ಆಲಮಟ್ಟಿ ತುಂಬುವ ಸುದ್ದಿ ಪ್ರತಿ ಜುಲೈನಲ್ಲಿ ನಾಡಿನ ರೈತರಿಗೆ ಹರ್ಷ ತರುತ್ತದೆ. ಅದೇ ಸುದ್ದಿ ಕೇಳಿ ಗಡ್ಡಿಯ ಮನೆಯಲ್ಲಿ ಬಸುರಿ ಹೆಣ್ಣುಮಗಳೊಬ್ಬಳು ಹೊಳೆಯತ್ತ ಆತಂಕದಿಂದ ನೋಡುವ ಸ್ಥಿತಿ ಇರುವವರೆಗೆ ಆ ಹರ್ಷ ಪೂರ್ಣವಾಗದು.